ಸುಣ್ಣದ ತಿಳಿ ಬಿಡುತ್ತಿದ್ದ ಮಾವ

ಮಾವನ ಬೆರಳ ತುದಿಗಳು ಸದಾ ಬಿರಿದು ಬೆಳ್ಳಗಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಸುಣ್ಣ, ಮೊಣಕೈವರೆಗೆ ಒಣಗಿದ ಉಪ್ಪಿನ ಗೆರೆ. ಇಪ್ಪತ್ತೈದು ವರ್ಷ ಹೊನ್ನಾವರದ ಬಂದರಿನಿಂದ ದೋಣಿ ನಡೆಸಿ, ಬೆನ್ನು ಕೈಕೊಟ್ಟ ಮೇಲೆ ಅವರು ಮನೆಯ ಜಗಲಿಯಲ್ಲೊಂದು ಗಾಜಿನ ತೊಟ್ಟಿ ಇಟ್ಟುಕೊಂಡಿದ್ದರು. ಅದರಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಬಲೆಗೆ ಸಿಕ್ಕಿದ್ದ ಜೀವಂತ ಹವಳದ ಎರಡು ತುಂಡು, ಹೂವಿನಂತೆ ಅರಳುತ್ತ ಮುದುಡುತ್ತ ಇರುವ ಕಡಲಹೂ ಎಂಬ ಒಂದು ಜೀವಿ, ಬೆರಳುದ್ದದ ನಾಲ್ಕು ಮೀನು, ಗಾಳಿಯೂದುವ ಸಣ್ಣ ಪಂಪು.

ನಾನು ಕುಮಟೆ ಹತ್ತಿರದ ಕಾಗಾಲದಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ಇಸವಿಯ ಆಸುಪಾಸಿನಲ್ಲಿ. ಗಂಡ ಬೋಟಿಗೆ, ಅತ್ತೆ ಮೀನು ಮಾರಲು, ನಾನು ಮಿಕ್ಕಿದ್ದೆಲ್ಲದಕ್ಕೆ. ಅದರ ಮೇಲೆ ಈ ತೊಟ್ಟಿಯ ನೀರು. ಮಳೆಗಾಲದಲ್ಲಿ ಗೇರುಸೊಪ್ಪದ ಕಡೆಯಿಂದ ಕೆಂಪು ನೀರು ಇಳಿದು, ಹೊಳೆ ಕಡಲು ಸೇರುವ ಅಳಿವೆಯೆಲ್ಲ ಸಪ್ಪೆಯಾಗುತ್ತದೆಂದು ಬೇಸಿಗೆಯಲ್ಲೇ ಸಮುದ್ರದ ನೀರು ಹೊತ್ತು ಪೀಪಾಯಿ ತುಂಬಿಡಬೇಕು. ಸೊಂಟ ಬಿದ್ದುಹೋಗುತ್ತಿತ್ತು.

ಒಂದು ಬೇಸಿಗೆ ಮಾವ ಎದೆನೋವೆಂದು ಕುಮಟೆಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಅದೇ ತಿಂಗಳು ನನ್ನ ಎರಡನೆಯ ಬಸಿರೂ ನಿಲ್ಲದೆ ಹೋಗಿತ್ತು. ನಾಲ್ಕನೇ ದಿನಕ್ಕೆ ಕೊಡ ಎತ್ತಿದ್ದೆ. ಸೆಖೆಗೆ ತೊಟ್ಟಿಯ ನೀರು ದಿನಕ್ಕೆ ಬೆರಳಗಲ ಇಳಿಯುತ್ತಿತ್ತು. ಸಮುದ್ರದ ಜೀವಕ್ಕೆ ಸಮುದ್ರದ್ದೇ ನೀರು ಎಂದುಕೊಂಡು ಪೀಪಾಯಿಯ ಉಪ್ಪುನೀರನ್ನೇ ತುಂಬುತ್ತ ಹೋದೆ. ಮಾವ ಬರುವಷ್ಟರಲ್ಲಿ ಎರಡು ಮೀನು ಸತ್ತಿದ್ದವು. ಕಡಲಹೂ ಅಡಿಕೆಯಷ್ಟಾಗಿ ಮುದುಡಿತ್ತು.

ಅವರು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಬೈಗುಳಕ್ಕೆ ಕಾದು ನಿಂತೆ.

"ಆವಿಯಾಗಿ ಹೋಗೂದು ನೀರು ಮಾತ್ರ ಮಗಾ. ಉಪ್ಪು ಇಲ್ಲೇ ಉಳೀತದೆ. ಮೇಲಿಂದ ಮತ್ತೂ ಉಪ್ಪು ಸುರಿದ್ರೆ ತಡ್ಕೊಳ್ಳೂದು ಹೆಂಗೆ?"

ನನಗೆ ಅಳು ಬಂತು. ಮೀನಿಗಾಗಿ ಅಲ್ಲವೆಂದು ಅವರಿಗೆ ಗೊತ್ತಾಗಿರಬೇಕು. ಬಾವಿನೀರಿನ ಕೊಡಕ್ಕೆ ಕೈಹಾಕಿದವಳನ್ನು ತಡೆದರು.

"ಒಮ್ಮೆಲೇ ಬೇಡ. ಸೋತ ಜೀವಕ್ಕೆ ಗಡಿಬಿಡಿ ಆಗೂದಿಲ್ಲ. ದಿನಾ ಒಂದೆರಡು ಚೊಂಬು ಸಾಕು."

ಸರಿಹೋಗಲು ಹತ್ತು ಹದಿನೈದು ದಿನ ಹಿಡಿಯಿತು.

ಆಮೇಲೆ ಹೊಸ ಕ್ರಮ ಶುರುವಾಯಿತು. ಚಿಪ್ಪಿನ ಸುಣ್ಣವನ್ನು ಬಾವಿನೀರಿನಲ್ಲಿ ಕದಡಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವುದು. ಇಳಿದ ನೀರೂ ತುಂಬುತ್ತದೆ, ಹವಳಕ್ಕೆ ಬೆಳೆಯಲು ಸುಣ್ಣವೂ ಸಿಗುತ್ತದೆ ಎಂದು ಕಾಲೇಜಿನ ಮಾಸ್ತರರೊಬ್ಬರು ಹೇಳಿದ್ದರಂತೆ. ಬೇಗ ಬಿಟ್ಟರೆ ಕ್ಷಾರ ಹೆಚ್ಚಿ ಮೀನು ಸಾಯುತ್ತವೆ.

"ನನ್ನ ಕಣ್ಣಿಗೆ ಹನಿ ಕಾಣೂದಿಲ್ಲ. ಮಧ್ಯಾಹ್ನ ಒಂದು ತಾಸು ಇವಳು ಇಲ್ಲಿ ಕೂತ್ಕೊಳ್ಳೂಕೇ ಬೇಕು," ಎಂದು ಮಾವ ಅತ್ತೆಗೆ ಹೇಳಿದರು.

"ಎಂತ! ನೀರು ಬೀಳೂದು ನೋಡೂಕೆ ಒಂದು ಆಳೊ?" ಅತ್ತೆ ಸಿಡುಕಿದರು.

"ಹೌದು. ಆತಾ?"

ಹಾಗೆ ನಾನು ಕೂತೆ. ಗೋಡೆಗೆ ಒರಗಿ, ಕಾಲು ಚಾಚಿ. ಎಷ್ಟೋ ದಿನ ಕೂತಲ್ಲೇ ನಿದ್ದೆ ಹೋಗುತ್ತಿದ್ದೆ. ಎಚ್ಚರವಾಗಿ ನೋಡಿದರೆ ಮಾವನೇ ಬಗ್ಗಿ ಹನಿ ಎಣಿಸುತ್ತಿದ್ದರು. ಕಣ್ಣು ಕಾಣದ ಸಂಗತಿಯನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮುಂದಿನ ವರ್ಷ ಮಗಳು ಹುಟ್ಟಿದಳು. ಅವಳು ಶಾಲೆಗೆ ಹೋಗುವ ಹೊತ್ತಿಗೆ ಮಾವನಿಗೆ ನಾಲ್ಕು ಹೆಜ್ಜೆ ನಡೆಯಲೂ ಉಸಿರು ಸಾಲುತ್ತಿರಲಿಲ್ಲ. ಆ ಮಳೆಗಾಲ ಪೀಪಾಯಿಯ ನೀರು ಮುಗಿದು ಹವಳ ಬಿಳಿಚಿಕೊಂಡಿತು. ಏನು ಮಾಡಲಿ ಎಂದು ಕೇಳಿದೆ.

"ಬಿಡು ಮಗಾ. ಅದಕ್ಕೂ ಸಾಕಾತು," ಎಂದರು.

ಎಂಟು ದಿನಕ್ಕೆ ಅವರೂ ಹೋದರು. ಮರುದಿನ ಮನೆ ತುಂಬ ನೆಂಟರು. ನೀರಿಗೆಂದು ಹೋದ ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ, ಏಳಲಾಗಲಿಲ್ಲ. ಕರೆಯಲು ಬಂದ ಅತ್ತೆ ನನ್ನ ಮಡಿಲಲ್ಲಿದ್ದ ಖಾಲಿ ಕೊಡವನ್ನು ತೆಗೆದು ಬದಿಗಿಟ್ಟು, ಪಕ್ಕದಲ್ಲೇ ಕೂತರು.