ರಿಜಿಸ್ಟರಿನಲ್ಲಿ ಪುಟ್ಟಮ್ಮನವರ ಹೆಬ್ಬೆಟ್ಟು

ಪುಟ್ಟಮ್ಮನವರು ನನ್ನೆದುರು ಕೂತು, ಪತ್ರವನ್ನು ಓದಿಸಿ ಕೇಳಿ, ಒಪ್ಪಿ ಹೆಬ್ಬೆಟ್ಟು ಒತ್ತಿದರು ಎಂದು ನಾನು ಬರೆದು, ಸಹಿ ಮಾಡಿ, ಸೀಲು ಹಾಕಿದೆ. ಅದು ಸುಳ್ಳು. ಅಂದಿಗೆ ಆ ಹೆಂಗಸಿನ ಮುಖವನ್ನೇ ನಾನು ಕಂಡಿರಲಿಲ್ಲ.

ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಇದೊಂದೇ ಅಲ್ಲ — ಇದು ಸಣ್ಣದು. ದೊಡ್ಡದು ಮೂರು ತಿಂಗಳ ನಂತರ ನಡೆಯಿತು.

ನೋಟರಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಪತ್ರ ಮಾಡಿಕೊಡುವವರು ಖುದ್ದಾಗಿ ಬರಬೇಕು. ಅವರು ಅವರೇ ಎಂಬುದಕ್ಕೆ ಗುರುತು ಬೇಕು. ಓದು ಬಾರದವರಾದರೆ ಅವರ ಭಾಷೆಯಲ್ಲೇ ಓದಿ ಹೇಳಿ, ತಿಳಿಯಿತೇ, ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಕೇಳಬೇಕು. ಆಮೇಲೆ ಕಣ್ಣೆದುರೇ ಸಹಿ ಅಥವಾ ಹೆಬ್ಬೆಟ್ಟು, ರಿಜಿಸ್ಟರಿನಲ್ಲೂ ಇನ್ನೊಂದು. ಸೀಲು ಎಲ್ಲಕ್ಕಿಂತ ಕೊನೆಗೆ. ವಿಜಯನಗರದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ನೋಟರಿ ಇಲ್ಲವೆಂದು ಹೆಸರಿದೆ. "ಆ ಮುದುಕನ ಹತ್ರ ಹೋಗ್ಬೇಡ ಗುರು, ಹಾಸಿಗೆ ಹಿಡಿದೋರನ್ನೂ ಎತ್ಕೊಂಡ್ ಬಾ ಅಂತಾನೆ" ಎಂದು ಸೈಟಿನ ದಲ್ಲಾಳಿಗಳು ಮೆಟ್ಟಿಲ ಬುಡದಲ್ಲಿ ಗೊಣಗುವುದು ನನ್ನ ಕಿವಿಗೂ ಬಿದ್ದಿದೆ. ಕೇಳಿ ಒಳಗೊಳಗೇ ಹಿಗ್ಗಿದ್ದೂ ಉಂಟು. ಈ ಶಿಸ್ತು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ — ನಾನೂ ಹೇಳಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಹೊಸಹಳ್ಳಿಯ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ನೋಂದಣಿಯಾಗದ ರೆವಿನ್ಯೂ ಸೈಟುಗಳು ಕೈ ಬದಲಾಯಿಸುತ್ತಿದ್ದದ್ದು ಜಿಪಿಎ ಪತ್ರದ ಮೇಲೆ — ನನ್ನ ಪರವಾಗಿ ಮಾರುವ ಅಧಿಕಾರ ಇವರಿಗೆ ಕೊಟ್ಟಿದ್ದೇನೆ ಎಂಬ ಪತ್ರ, ಅದಕ್ಕೆ ನಮ್ಮಂಥವರ ಸೀಲು. ಹಳೇ ಒಕ್ಕಲು ಮನೆತನದ ರಂಗಪ್ಪ ನನಗೆ ಕಕ್ಷಿದಾರರನ್ನು ಕರೆತರುತ್ತಿದ್ದವನು. ಒಂದು ದಿನ ತನ್ನ ತಂಗಿ ಪುಟ್ಟಮ್ಮನ ಹೆಸರಿನ ಪತ್ರ ತಂದ. ಆಕೆಯ ಭಾಗಕ್ಕೆ ಬಂದಿದ್ದ ಸೈಟನ್ನು, ಅದರಲ್ಲಿ ಆಕೆ ವಾಸವಿದ್ದ ಎರಡು ಕೋಣೆಯ ಶೀಟಿನ ಮನೆ ಸಮೇತ, ಮಾರಲು ಅಣ್ಣನಿಗೆ ಅಧಿಕಾರ. ಎರಡು ಪ್ರತಿಗೂ ಹೆಬ್ಬೆಟ್ಟು ಆಗಲೇ ಬಿದ್ದಿತ್ತು.

"ಮನೆ ಹೆಣ್ಮಕ್ಕಳನ್ನ ಆಫೀಸ್ ಮೆಟ್ಟಿಲು ಯಾಕೆ ಹತ್ತಿಸೋದು ಸಾರ್? ಮನೇಲೇ ಒತ್ತಿಸ್ಕೊಂಡ್ ಬಂದಿದೀನಿ. ನಿಮ್ ಪುಸ್ತಕಕ್ಕೆ ಇನ್ನೊಂದ್ ದಿನ ಕರ್ಕೊಂಡ್ ಬರ್ತೀನಿ" ಎಂದ.

ಆಗ ಹಾಗೆ ನಡೆಯುತ್ತಿತ್ತು. ಅಪ್ಪಂದಿರು, ಅಣ್ಣಂದಿರು ಮನೆಯಿಂದಲೇ ಹೆಬ್ಬೆಟ್ಟು ತರುತ್ತಿದ್ದರು. ಗುರುತಿನವರಲ್ಲವೇ ಎಂದು ನಾವು ಸುಮ್ಮನಿರುತ್ತಿದ್ದೆವು. ಸೀಲು ಹಾಕಿದೆ. ಒಂದು ಪ್ರತಿ ಅವನಿಗೆ, ಒಂದು ನನ್ನ ಕಡತಕ್ಕೆ. ರಿಜಿಸ್ಟರಿನಲ್ಲಿ ಪುಟ್ಟಮ್ಮನ ಹೆಬ್ಬೆಟ್ಟಿನ ಜಾಗವನ್ನು ಖಾಲಿ ಬಿಟ್ಟೆ.

ಮೂರು ತಿಂಗಳಿಗೆ ಪುಟ್ಟಮ್ಮನವರೇ ಬಂದರು. ಅಂಗೈ ಕಪ್ಪುಗಟ್ಟಿತ್ತು — ಊದುಬತ್ತಿ ಹೊಸೆದು ಬದುಕುವ ಕೈ. ಸೈಟು ಕೊಂಡವರು ಬಂದು, ಪತ್ರ ತೋರಿಸಿ, ಮನೆ ಖಾಲಿ ಮಾಡಿ ಎಂದಿದ್ದರಂತೆ. ಪತ್ರದಲ್ಲಿದ್ದ ನನ್ನ ಹೆಸರನ್ನು ಯಾರಿಂದಲೋ ಓದಿಸಿಕೊಂಡು ಹುಡುಕಿ ಬಂದಿದ್ದರು. ಜಗಳವಾಡಲಿಲ್ಲ. ಆಡಿದ್ದರೆ ನಾನು — ಗೊತ್ತಿಲ್ಲ.

"ಸ್ವಾಮಿ, ನಾನು ಯಾವತ್ತಾದ್ರೂ ಇಲ್ಲಿಗೆ ಬಂದಿದ್ನಾ?" ಎಂದು ಕೇಳಿದರು, ಅಷ್ಟೇ.

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅವರ ಮನೆ ಉಳಿಯುತ್ತಿತ್ತು, ನನ್ನ ಸನ್ನದು ಹೋಗುತ್ತಿತ್ತು. ನಾನು ಹೆದರಿದೆ. ಆದರೆ ಮಾತಾಡಿದ್ದು ಕೋರ್ಟಿನಲ್ಲಿ ವಾದಿಸುವ ಗಟ್ಟಿ ದನಿಯಲ್ಲಿ:

"ಬಂದಿದ್ರಿ ಅಮ್ಮ, ಮರೆತಿದೀರಿ. ಪುಸ್ತಕದಲ್ಲಿ ಒಂದು ಹೆಬ್ಬೆಟ್ಟು ಬಾಕಿ ಇದೆ, ಒತ್ತಿ."

"ಓದಿದೋರು ನೀವೇ ಹೇಳ್ತಿದೀರ ಅಂದ್ಮೇಲೆ — ನಂಗೇ ಮರೆತೋಗಿರ್ಬೇಕು" ಎಂದು ಕೈ ಚಾಚಿದರು. ನಾನೇ ಹೆಬ್ಬೆರಳು ಹಿಡಿದು, ಶಾಯಿಗೆ ಒತ್ತಿ, ಖಾಲಿ ಜಾಗದಲ್ಲಿ ಇಟ್ಟೆ.

ಬಿದ್ದದ್ದು ಬರೀ ಕಪ್ಪು ಮಚ್ಚೆ. ಒಂದೂ ಗೆರೆ ಇಲ್ಲ. ವರ್ಷಗಟ್ಟಲೆ ಹಲಗೆಯ ಮೇಲೆ ಊದುಬತ್ತಿ ಹೊಸೆದು ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. ನನ್ನ ಕಡತದ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನಲ್ಲಿ ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಅದು ರಂಗಪ್ಪನ ಹೆಂಡತಿಯದೋ, ಇನ್ಯಾರದೋ — ಪುಟ್ಟಮ್ಮನವರದಂತೂ ಅಲ್ಲ. ಅಲ್ಲಿಯವರೆಗೆ, ಬರದಿದ್ದರೇನು, ಹೆಬ್ಬೆಟ್ಟಾದರೂ ಅವರದೇ ಇದ್ದೀತು ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ಅವರಿನ್ನೂ ಎದುರಿಗೇ ಇದ್ದರು, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ನಾನು ರಿಜಿಸ್ಟರು ಮುಚ್ಚಿ, "ಹೋಗ್ಬನ್ನಿ" ಎಂದೆ.

ಮನೆ ಹೋಯಿತು. ಮಗಳೊಂದಿಗೆ ಕುರುಬರಹಳ್ಳಿಯ ಬಾಡಿಗೆ ಕೋಣೆ ಸೇರಿದರೆಂದು ಕೇಳಿದೆ. ಆ ಹೆಬ್ಬೆಟ್ಟು ಒತ್ತಿಸಿದ ಮರುದಿನದಿಂದಲೇ ನಾನು ಕಟ್ಟುನಿಟ್ಟಾದೆ. ಅದರಿಂದ ಎಷ್ಟೋ ಹೆಂಗಸರ ಪಾಲು ಉಳಿದಿರಬಹುದು, ಪುಟ್ಟಮ್ಮನವರದು ಉಳಿಯಲಿಲ್ಲ. ರಂಗಪ್ಪ ಈಗಿಲ್ಲ, ಎಲ್ಲವನ್ನೂ ಅವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವನು ತಂದದ್ದು ಬರೀ ಕಾಗದ. ಅದನ್ನು ನಿಜ ಮಾಡಿದವನು ನಾನು.

ಮೊನ್ನೆ ಇದನ್ನೆಲ್ಲ ಪ್ರಮಾಣಪತ್ರವಾಗಿ ಬರೆದು, ರಾಜಾಜಿನಗರದ ಒಬ್ಬ ಕಿರಿಯ ನೋಟರಿಯ ಬಳಿ ಹೋದೆ. "ನೀವ್ಯಾಕೆ ಬರೋಕ್ ಹೋದ್ರಿ ಸಾರ್? ಯಾರ ಕೈಲಾದ್ರೂ ಕಳಿಸಿದ್ರೆ ಸೀಲ್ ಹಾಕಿ ಕೊಡ್ತಿದ್ದೆ" ಎಂದಳು ಆಕೆ.

"ಹಾಗೆ ಮಾಡ್ಬೇಡಮ್ಮ, ಯಾರಿಗೂ. ಪೂರ್ತಿ ಓದು, ನಾನು ಕೇಳ್ತೀನಿ."

ಓದಿದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅವಳ ದನಿ ತಗ್ಗಿತ್ತು. ತಿಳಿಯಿತೇ, ಬಲವಂತವಿಲ್ಲವೇ ಎಂದು ಕೇಳಿದಳು. ತಿಳಿಯಿತು, ಬಲವಂತವಿಲ್ಲ ಎಂದು ಸಹಿ ಮಾಡಿದೆ.

ನಾಳೆ ಬೆಳಿಗ್ಗೆ ಆ ಪ್ರಮಾಣಪತ್ರ, ಕಡತದ ಪ್ರತಿ, ಆ ರಿಜಿಸ್ಟರು — ಮೂರನ್ನೂ ಹಿಡಿದು ಕುರುಬರಹಳ್ಳಿಗೆ ಹೋಗುತ್ತೇನೆ. ಪುಟ್ಟಮ್ಮನವರು ಇನ್ನೂ ಅಲ್ಲೇ ಇದ್ದಾರೆ, ಎಂಬತ್ತು ದಾಟಿದೆ. ಅವರ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಅದನ್ನು ನಾನು ತಿರುಗಿ ಕೊಡಲಾರೆ. ಕೋರ್ಟಿಗೆ ಹೋಗುವುದಾದರೆ ಸಾಕ್ಷಿ ನಾನೇ, ಆರೋಪಿಯೂ ನಾನೇ. ಕ್ಷಮೆ ಕೇಳುವುದಿಲ್ಲ — ಅದನ್ನು ಕೊಡುವ ಹೊರೆಯನ್ನೂ ಅವರ ಮೇಲೆ ಹಾಕಲಾರೆ. ಎದುರಿಗೆ ಕೂತು, ಅವರು ಅಂದು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ:

ಪುಟ್ಟಮ್ಮನವರೇ, ನೀವು ಬಂದಿರಲಿಲ್ಲ. ನೀವು ಏನನ್ನೂ ಮರೆತಿರಲಿಲ್ಲ.