ಪಾಚಿ ಮುಟ್ಟಿದ ಕೈ

ಆಡಿ, ಅಂದರೆ ಆಷಾಢದ ಗಾಳಿ ಕೊಯಮತ್ತೂರಿನ ಪಕ್ಕದ ನಮ್ಮ ಊರಲ್ಲಿ ಗಿಡಗಳನ್ನು ಸುಮ್ಮನೆ ಬಿಡುವುದಿಲ್ಲ. ಪಾಲಕ್ಕಾಡಿನ ಕಡೆಯಿಂದ ಬೀಸಿ ಬಂದು ಪೆರಿಯನಾಯಕನಪಾಳ್ಯಂ ತನಕ ಎಲ್ಲವನ್ನೂ ಒಣಗಿಸಿ ಹೋಗುತ್ತದೆ. ಆ ವರ್ಷ ನನ್ನ ಹದಿನಾಲ್ಕು ಆರ್ಕಿಡ್ ಗಿಡಗಳಲ್ಲಿ ನಾಲ್ಕರ ಬೇರುಗಳು ಒಣಗಿ ದಾರದಂತಾಗಿದ್ದವು. ನಾನು ಕಲಿಸುವ ಶಾಲೆಯಲ್ಲಿ ವಿಜ್ಞಾನದ ಟೀಚರ್ ಒಬ್ಬರಿದ್ದರು, ಬೆಟ್ಟದ ಮೇಲಿನ ವಾಲ್ಪಾರೈಯವರು. ಅಂಗಡಿಯ ಒಣ ಪಾಚಿ ಹಾಕಬೇಡಿ, ಜೀವ ಇರುವ ಪಾಚಿಯನ್ನೇ ಬೇರಿನ ಸುತ್ತ ಕಟ್ಟಿ ಎಂದು ಅವರು ಹೇಳಿದರು. ತಮ್ಮ ಊರಿಗೆ ಹೋದಾಗ ಅಣ್ಣನ ಮನೆಯ ಹಿಂದಿನ ಒದ್ದೆ ಗೋಡೆಯಿಂದ ಬಿಡಿಸಿ, ದೊಡ್ಡ ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಘಾಟಿಯ ಬಸ್ಸಿನಲ್ಲಿ ಹೊತ್ತು ತಂದರು.

ಮುಚ್ಚಳ ತೆಗೆದಾಗ ಮೂಗಿಗೆ ಬಂದ ತಂಪು ವಾಸನೆ ಈಗಲೂ ನೆನಪಿದೆ. ಅಂದು ಅದು ಹಿತವಾಗಿತ್ತು.

ಪಾಚಿಯನ್ನು ಸಾಕುವುದೇ ಒಂದು ಕೆಲಸ. ಬೋರ್‌ವೆಲ್ ನೀರು ಹಾಕಿದರೆ ಉಪ್ಪಿಗೆ ತುದಿ ಕಂದಿ ಸಾಯುತ್ತದೆ. ಬಕೆಟ್ಟಿನಲ್ಲಿ ಮಳೆನೀರು ಹಿಡಿದಿಟ್ಟು ಚಿಮುಕಿಸಬೇಕು. ಬಣ್ಣ ಮಾಸಿದರೆ ಗಿಡಕ್ಕೆ ಬಾಯಾರಿದೆ ಎಂದು ಲೆಕ್ಕ. ಒಂದು ಭಾನುವಾರ ಬಾಲ್ಕನಿಯಲ್ಲಿ ಕೂತು, ಮರದ ತುಂಡಿಗೆ ಗಿಡವನ್ನಿಟ್ಟು ಬೇರಿನ ಮೇಲೆ ಪಾಚಿ ಹೊದಿಸಿ ತೆಳು ತಂತಿಯಿಂದ ಬಿಗಿಯುತ್ತಿದ್ದೆ. ತಂತಿಯ ತುದಿ ಬಲಗೈ ತೋರುಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ. ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದೆ.

ಮೂರು ವಾರದ ಮೇಲೆ ಅದೇ ಜಾಗದಲ್ಲಿ ಕೆಂಪು ಗುಳ್ಳೆ ಎದ್ದಿತು. ನೋವಿಲ್ಲ, ತುರಿಕೆಯಿಲ್ಲ. ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿ, ಅವಳು ಹೆಣ್ಣುಕೂಸಿನೊಂದಿಗೆ ಬಾಣಂತನಕ್ಕೆ ಮನೆಗೆ ಬಂದಳು. ಗುಳ್ಳೆ ಒಡೆದು ಹುಣ್ಣಾಯಿತು. ಮೆಡಿಕಲ್ ಶಾಪಿನ ಮುಲಾಮು ಹಚ್ಚಿದೆ, ಮಾಯಲಿಲ್ಲ. ಬೀದಿಯ ಕೊನೆಯ ಡಾಕ್ಟರ್ ಐದು ದಿನದ ಮಾತ್ರೆ ಕೊಟ್ಟರು. ಆರನೆಯ ದಿನ ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ ಮಣಿಕಟ್ಟಿನ ಮೇಲೆ ಇನ್ನೊಂದು ಗಂಟು ಕೈಗೆ ಸಿಕ್ಕಿತು. ನಾಲ್ಕು ದಿನ ಬಿಟ್ಟು ಅದರ ಮೇಲೆ ಮತ್ತೊಂದು. ಆಮೇಲೆ ಮೊಣಕೈ ಹತ್ತಿರ ಒಂದು. ಏನೋ ಒಂದು ಒಳಗಿನಿಂದ ಹೆಜ್ಜೆ ಹಾಕಿಕೊಂಡು ಮೇಲೆ ಬರುತ್ತಿದೆ ಎಂದು ನನಗೆ ಖಾತ್ರಿಯಾಯಿತು.

ನನ್ನ ತವರು ಕಿಣತ್ತುಕಡವು. ಅಲ್ಲಿ ಅಜ್ಜಿಯ ತಂಗಿಯೊಬ್ಬರಿಗೆ ಕೈಮೇಲೆ ಹುಣ್ಣಾಗಿತ್ತು; ದೊಡ್ಡವರು ದನಿ ತಗ್ಗಿಸಿ "ಪೆರುನೋಯ್" ಅನ್ನುತ್ತಿದ್ದರು, ಅಂದರೆ ಕುಷ್ಠ. ಅವರ ತಟ್ಟೆ ಹಿತ್ತಲಲ್ಲಿ ಬೇರೆ ಇರುತ್ತಿತ್ತು. ಮಕ್ಕಳಾದ ನಮಗೆ ಅವರ ನೆರಳೂ ಸೋಕಬಾರದು. ಆ ಹೆಂಗಸು ದೂರದಿಂದಲೇ ನಮ್ಮನ್ನು ನೋಡಿ ನಗುತ್ತಿದ್ದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಎಂ.ಎಸ್ಸಿ. ಓದಿದ ನಾನು, ಯಾರಿಗೂ ತಿಳಿಯದಂತೆ ನನ್ನ ತಟ್ಟೆ ಲೋಟವನ್ನು ಬೇರೆ ತೊಳೆದಿಡಲು ಶುರುಮಾಡಿದೆ. ಉದ್ದ ತೋಳಿನ ರವಿಕೆ ತೊಟ್ಟೆ. ಕುಷ್ಠವಲ್ಲದಿದ್ದರೆ ಕ್ಯಾನ್ಸರ್ ಅಂದುಕೊಂಡೆ. ಎರಡರಲ್ಲಿ ಯಾವುದೆಂದು ತಿಳಿಯುವುದಕ್ಕಿಂತ ತಿಳಿಯದಿರುವುದೇ ವಾಸಿ ಅನ್ನಿಸಿತ್ತು. ಹೆದರಿದವರ ಬುದ್ಧಿ ಹೀಗೂ ಓಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಕೂಸಿಗೆ ತಗುಲೀತೆಂದು. ಅದನ್ನು ಮುಟ್ಟಲಿಲ್ಲ. ಸ್ನಾನ ಮಾಡಿಸಲು ಪಕ್ಕದ ಬೀದಿಯ ಹೆಂಗಸನ್ನು ಗೊತ್ತುಮಾಡಿದೆ. ಅತ್ತರೆ ಬಾಗಿಲಲ್ಲಿ ನಿಂತು ಮಗಳನ್ನು ಕೂಗಿದೆ. ಹೀಗೆ ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳು ಕೂಸನ್ನು ನನ್ನತ್ತ ಚಾಚಿದಳು.

"ಸ್ವಲ್ಪ ಹಿಡ್ಕೊ ಅಮ್ಮಾ, ಊಟ ಮಾಡಿ ಬತ್ತೀನಿ."

"ತೊಟ್ಲಲ್ಲಿ ಹಾಕು. ನಂಗೆ ಪೇಪರ್ ತಿದ್ದೋದಿದೆ."

ಅವಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕಣ್ಣು ತುಂಬಿತು. "ಒಂದು ಕೇಳ್ತೀನಿ, ನಿಜ ಹೇಳು. ಹೆಣ್ಣು ಹುಟ್ಟಿತೂಂತ ನಿಂಗೆ ಬೇಜಾರಾ?"

ಅಷ್ಟು ಕೇಳಿದ ಮೇಲೆ ನನಗೆ ಮುಚ್ಚಿಡಲಾಗಲಿಲ್ಲ. ತೋಳು ಮೇಲೆ ಸರಿಸಿ ತೋರಿಸಿದೆ. ಬೆರಳಿನಿಂದ ಮೊಣಕೈವರೆಗೆ ಸಾಲಾಗಿ ನಾಲ್ಕು ಗಂಟು, ಎರಡು ಒಡೆದು ಕೀವಾಗಿದ್ದವು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. ಆದರೂ ಆ ಒಂದು ಹೆಜ್ಜೆ ನಾನು ಮರೆತಿಲ್ಲ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ? ಅಪ್ಪಂಗೆ ಗೊತ್ತಾ?"

"ಇಲ್ಲ. ಇರುವೆ ಕಚ್ಚಿದ್ದು ಅಂದ್ಕೊಂಡಿದಾರೆ."

ಅವಳು ಆಗಲೇ ಅಪ್ಪನಿಗೆ ಫೋನ್ ಮಾಡಿದಳು. ಗಂಡ ವರ್ಕ್‌ಶಾಪಿನ ಗ್ರೀಸ್ ಕೈಯಲ್ಲೇ ಬಂದು ನನ್ನನ್ನು ಕೊಯಮತ್ತೂರಿನ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಹೆಂಗಸು ಆಕೆ. ಗಂಟುಗಳ ಸಾಲಿನ ಮೇಲೆ ಗ್ಲೌಸ್ ಹಾಕಿದ ಬೆರಳೋಡಿಸಿ, "ಮನೆಯಲ್ಲಿ ರೋಜಾ ಗಿಡ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದರು. ನಾನು ರೋಜಾ ಇಲ್ಲ, ಆರ್ಕಿಡ್ ಎಂದೆ. "ಅದಕ್ಕೆ ಏನು ಹಾಕುತ್ತೀರಿ?"

"ಪಾಸಿ," ಎಂದೆ. ತಮಿಳಲ್ಲಿ ಪಾಚಿಗೆ ಅದೇ ಹೆಸರು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಣ್ಣಿನಲ್ಲಿ, ಮುಳ್ಳಿನಲ್ಲಿ, ಪಾಚಿಯಲ್ಲಿ ಒಂದು ಬಗೆಯ ಬೂಷ್ಟು ಇರುತ್ತದೆ, ಚುಚ್ಚಿದ ಗಾಯದಿಂದ ಒಳಹೊಕ್ಕು ಹೀಗೆ ಮೇಲಕ್ಕೆ ಏರುತ್ತದೆ, ಅದೇ ಇರಬೇಕೆಂದು ನನ್ನ ಅನುಮಾನ ಎಂದರು. ಆದರೆ ಬೇರೆಯದೂ ಇರಬಹುದು. ಗಂಟಿನ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ಬೂಷ್ಟು ಬೆಳೆದು ಗೊತ್ತಾಗಲು ಎರಡು ಮೂರು ವಾರ ಬೇಕು. "ಬಯಪ್ಪಡಾದೀಂಗಮ್ಮಾ," ಎಂದರು. ಹೆದರಬೇಡಿ ಅಂದರೆ ಹೆದರಿಕೆ ಹೋಗುವುದೇ?

ಆ ಮೂರು ವಾರ ನಾನು ಬದುಕಿದ್ದು ಹೇಗೋ. ಬಾಲ್ಕನಿಯ ಬಾಗಿಲು ಮುಚ್ಚಿಬಿಟ್ಟೆ. ಮಳೆಯ ಎರಚಲಿಗೆ ಗಾಜಿನಾಚೆ ಪಾಚಿ ಹಚ್ಚಗೆ ಕಾಣುತ್ತಿತ್ತು. ಗಿಡಗಳು ಬೇರು ಬಿಟ್ಟಿದ್ದವು, ಒಂದರಲ್ಲಿ ಮೊಗ್ಗೂ ಬಂದಿತ್ತು. ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಮಕ್ಕಳ ಕಣ್ಣು ನನ್ನ ಬೆರಳಿನ ಪಟ್ಟಿಯ ಮೇಲೆಯೇ ಇದೆ ಅನ್ನಿಸಿ ಕೂಡುವುದರಲ್ಲೂ ತಪ್ಪಿದೆ.

ಆಸ್ಪತ್ರೆಯಿಂದ ಫೋನ್ ಬಂದಾಗ ಗಂಡನೇ ಎತ್ತಿಕೊಂಡರು. ಕೇಳಿಸಿಕೊಂಡು, ಹಾಗೇ ಗೋಡೆಗೊರಗಿ ನೆಲದ ಮೇಲೆ ಕೂತರು. "ಬೂಷ್ಟೇ ಅಂತೆ ಕಣೇ. ಮಾತ್ರೆಗೆ ಹೋಗುತ್ತಂತೆ. ಒಬ್ಬರಿಂದ ಒಬ್ಬರಿಗೆ ಬರಲ್ಲಂತೆ." ಕೊನೆಯ ಮಾತನ್ನು ಮಗಳಿಗೆ ಕೇಳಿಸುವಂತೆ ಇನ್ನೊಮ್ಮೆ ಹೇಳಿದರು. ಅವಳು ಕೂಸನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. ಹುಣ್ಣಿನ ಕೈಯನ್ನು ಬೆನ್ನ ಹಿಂದಿಟ್ಟು ಎಡಗೈಯಲ್ಲೇ ಹಿಡಿದೆ.

ಐದು ತಿಂಗಳು ಕ್ಯಾಪ್ಸೂಲ್ ನುಂಗಿದೆ. ಗಂಟುಗಳು ಬಂದ ಹಾಗೆಯೇ ಒಂದೊಂದಾಗಿ ಕರಗಿದವು. ಸಂಗತಿ ತಿಳಿದ ವಾಲ್ಪಾರೈ ಟೀಚರ್ ಸ್ಟಾಫ್ ರೂಮಿನಲ್ಲಿ ನನ್ನ ಕೈ ಹಿಡಿದು ಅತ್ತುಬಿಟ್ಟರು. ಚುಚ್ಚಿದ್ದು ತಂತಿ, ಬರಿಗೈಯಲ್ಲಿ ಕೂತವಳು ನಾನು, ನಿಮ್ಮದೇನು ತಪ್ಪು ಎಂದೆ. ಅವರು ತಂದ ಪಾಚಿಯಲ್ಲೇ ಆ ಬೂಷ್ಟು ಇತ್ತೆಂದು ಯಾರೂ ಪರೀಕ್ಷಿಸಿ ಹೇಳಿದವರಿಲ್ಲ.

ಗಂಡ ಪಾಚಿಯನ್ನೆಲ್ಲ ಸುಟ್ಟುಬಿಡುತ್ತೇನೆಂದು ಹಟ ಹಿಡಿದಿದ್ದರು. ನಾನು ಬಿಡಲಿಲ್ಲ. ಈಗ ದಪ್ಪ ರಬ್ಬರ್ ಗ್ಲೌಸ್ ಹಾಕಿ, ತಂತಿಯ ಬದಲು ಹತ್ತಿ ದಾರದಿಂದ ಕಟ್ಟುತ್ತೇನೆ. ಗಿಡಗಳು ಚೆನ್ನಾಗಿವೆ. ಆದರೆ ಧೈರ್ಯ ಬಂದಿದೆ ಅಂದರೆ ಸುಳ್ಳಾಗುತ್ತದೆ. ಕೆಲಸ ಮುಗಿಸಿ ಸೋಪು ಹಾಕಿ ಮೂರು ಸಲ ಕೈ ತೊಳೆಯುತ್ತೇನೆ. ಕೈಗೆ ಸೊಳ್ಳೆ ಕಚ್ಚಿ ಒಂದು ದದ್ದು ಎದ್ದರೂ, ಅದು ಇಳಿಯುವ ತನಕ ಅಲ್ಲಿಂದ ಮೊಣಕೈವರೆಗೆ ಗಂಟು ಸಿಗುತ್ತದೆಯೇ ಎಂದು ಚರ್ಮವನ್ನು ಒತ್ತಿ ಒತ್ತಿ ನೋಡುತ್ತಲೇ ಇರುತ್ತೇನೆ.