ಪಟ್ಟಿಯಲ್ಲಿಲ್ಲದ ಮಣೆ

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂತವನನ್ನು, ಅಲ್ಲಲ್ಲ, ನಿಂತವನನ್ನು ಊರೆಲ್ಲ ಕುಳ್ಳಣ್ಣ ಎನ್ನುತ್ತಿತ್ತು. ಆ ಹೆಸರು ಇಟ್ಟುಕೊಂಡವನು ಅವನೇ. ಬೆಳೆದು ದೊಡ್ಡವನಾದರೂ ಅವನ ಎತ್ತರ ಎಂಟು ವರ್ಷದ ಮಗುವಿನಷ್ಟೇ. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡುಬಿಟ್ಟರೆ ಅವರಿಗೆ ಏನೂ ಉಳಿಯುವುದಿಲ್ಲ ಎಂಬುದನ್ನು ಅವನು ಶಾಲೆಗೆ ಸೇರಿದ ವಾರದಲ್ಲೇ ಕಂಡುಕೊಂಡಿದ್ದ. ಹೊಸಬರು ಯಾರೇ ಬರಲಿ, "ಸ್ವಲ್ಪ ಕೆಳಗೆ ನೋಡಿ ಸ್ವಾಮಿ, ಇಲ್ಲಿದ್ದೀನಿ" ಎಂದು ಶುರು ಮಾಡುತ್ತಿದ್ದ. ಅವರು ನಗುತ್ತಿದ್ದರು, ಇವನೂ ನಗುತ್ತಿದ್ದ, ಮುಂದಿನ ಮಾತು ಸಲೀಸಾಗುತ್ತಿತ್ತು.

ಕೌಂಟರ್ ಅವನ ಹಣೆಯ ಮಟ್ಟಕ್ಕೆ ಬರುತ್ತಿತ್ತು. ಕೆಲಸ ಸಿಕ್ಕಾಗ ಅವನ ಮಾವ, ಅಂದರೆ ಹೆಂಡತಿಯ ತಂದೆ, ಒಂದು ಉದ್ದನೆಯ ಮಣೆ ಮಾಡಿಕೊಟ್ಟರು. ಅವರು ಬಡಗಿ. ಮೊಣಕಾಲೆತ್ತರದ ಮಣೆ, ಎರಡೂ ತುದಿಗೆ ಮೆಟ್ಟಿಲು, ಕೌಂಟರಿನ ಈ ಕೊನೆಯಿಂದ ಆ ಕೊನೆಯವರೆಗೆ. ಅದರ ಮೇಲೆ ಅವನು ತಕ್ಕಡಿಯಿಂದ ಅಂಟಿನ ಡಬ್ಬಿಗೆ, ಅಲ್ಲಿಂದ ಮೊಹರಿಗೆ ಓಡಾಡುತ್ತಿದ್ದ ಚುರುಕು ಆರಡಿ ಆಳಿಗೂ ಬರುವಂಥದ್ದಲ್ಲ. ಸಡಿಲವಾಗಿ ಕಟ್ಟಿದ ಪಾರ್ಸೆಲ್ ತಂದವರನ್ನು ಬಾಯಿತುಂಬ ಬೈಯುತ್ತಿದ್ದ, ಬೈಯುತ್ತಲೇ ತಾನೇ ಬಿಗಿದು ಕಟ್ಟಿ ಕಳಿಸುತ್ತಿದ್ದ.

ಆಮೇಲೆ ಹೊಸ ಸಾಹೇಬರು ಬಂದರು. ಕೆಟ್ಟವರೇನಲ್ಲ, ಅಚ್ಚುಕಟ್ಟಿನ ಗೀಳು ಹತ್ತಿದವರು. ಬಂದ ಮೂರನೆಯ ದಿನ ಅವನು ಮಣೆಯಿಂದ ಇಳಿದು ಮಾಯವಾಗಿ, ಇನ್ನೊಂದು ತುದಿಯಲ್ಲಿ ತಲೆಯೆತ್ತಿದ್ದನ್ನು ನೋಡಿ ಇದೇನು ಸರ್ಕಸ್ಸೋ ಎಂದು ಕೇಳಿದರು. ಅವನು ಅಭ್ಯಾಸ ಬಿಡಲಿಲ್ಲ. "ಪುಕ್ಕಟೆ ಸಾರ್, ಟಿಕೆಟ್ ಇಲ್ಲ" ಎಂದ. ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ನಗಲಿಲ್ಲ. ಸರ್ಕಸ್ಸೆಂದು ಇವನೇ ಒಪ್ಪಿಕೊಂಡ ಮೇಲೆ ಇನ್ನೇನು ಎಂದು ಅವರು ಲೆಕ್ಕ ಹಾಕಿದರು.

ಮರುದಿನ ಕರೆಸಿ ಬಹಳ ನಯವಾಗಿ ಹೇಳಿದರು. ನಾಲ್ಕು ಜನ ಬಂದು ಹೋಗುವ ಜಾಗ, ಕಚೇರಿಯ ಮರ್ಯಾದೆಯ ಪ್ರಶ್ನೆ. ಜೊತೆಗೆ ಆ ಮಣೆ ಕಚೇರಿಯ ಸಾಮಾನಿನ ಪಟ್ಟಿಯಲ್ಲೇ ಇಲ್ಲ. ಶನಿವಾರ ಮೇಲಿನ ಕಚೇರಿಯಿಂದ ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಅದು ಅಲ್ಲಿರಬಾರದು. ಅವನು ಒಳಕೋಣೆಯಲ್ಲಿ ಚೀಲ ವಿಂಗಡಿಸಲಿ. ಒಳಗಿನ ಕೆಲಸವನ್ನು ತಾನೇ ಇಚ್ಛೆಪಟ್ಟು ಕೇಳಿಕೊಂಡೆ ಎಂದು ಒಂದು ಕಾಗದ ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು. ಎಷ್ಟು ಸುಲಭ ನೋಡಿ! ಒಬ್ಬನನ್ನು ಮೂಲೆಗುಂಪು ಮಾಡಬೇಕು, ಅದನ್ನೂ ಅವನ ಕೈಯಿಂದಲೇ ಬರೆಸಿಕೊಳ್ಳಬೇಕು.

ಒಳಕೋಣೆಗೆ ಒಂದೇ ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಚೀಲ ಕೊಡವಿದರೆ ಧೂಳು ಮೂಗಿಗೇ ಬರುತ್ತಿತ್ತು. ಧೂಳನ್ನಾದರೂ ಸಹಿಸಬಹುದಿತ್ತು. ಹೊರಗಿನ ಗಲಾಟೆ ಕೇಳಿಸಿದಾಗಲೆಲ್ಲ ಒಂದೇ ಯೋಚನೆ ಅವನನ್ನು ಕಾಡುತ್ತಿತ್ತು: ಹದಿನೆಂಟು ವರ್ಷ ಜನ ಬಂದದ್ದು ಪಾರ್ಸೆಲ್ಲಿಗೋ, ತನ್ನನ್ನು ನೋಡಿ ನಗುವುದಕ್ಕೋ? ಕಾಗದವನ್ನು ಬರೆದಿದ್ದ, ಸಹಿಯೊಂದು ಬಾಕಿ. ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದ. ಒಳಗೆ ನೆಮ್ಮದಿಯಾಗಿರುತ್ತೀರಾ ಎಂದು ಹೆಂಡತಿ ಒಮ್ಮೆ ಕೇಳಿದಳು. ಸಂಬಳ ಅಷ್ಟೇ ಬರುತ್ತದಲ್ಲ ಎಂದುಬಿಟ್ಟ.

ಶನಿವಾರ ತಪಾಸಣೆಗೆ ಬಂದವರು ಕನ್ನಡಕದ ಹೆಂಗಸು. ಬಿಸಿಲಲ್ಲಿ ಬಂದು ದಣಿದಿದ್ದರು, ಬೇಗ ಮುಗಿಸಿ ಹೋಗುವ ಅವಸರದಲ್ಲಿದ್ದರು. ಕುರ್ಚಿ, ಮೇಜು, ಬೀರು, ಗಡಿಯಾರ ಎಂದು ಒಂದೊಂದಕ್ಕೂ ಪಟ್ಟಿಯಲ್ಲಿ ಗುರುತು ಹಾಕುತ್ತ ಒಳಕೋಣೆಯವರೆಗೆ ಬಂದರು. ಬಾಗಿಲ ಪಕ್ಕ ಗೋಡೆಗೆ ಒರಗಿಸಿದ್ದ ಮಣೆ ಕಣ್ಣಿಗೆ ಬಿತ್ತು. ಇದಕ್ಕೆ ನಂಬರ್ ಇಲ್ಲವಲ್ಲ, ಯಾರದು ಎಂದರು.

ಅದು ಹಳೆಯ ಸಾಮಾನು, ಇವತ್ತೇ ಎಸೆಸುತ್ತೇನೆ ಎಂದರು ಸಾಹೇಬರು. ಇದರ ಮೇಲೆ ನಿಲ್ಲುತ್ತಿದ್ದವರು ತಾವಾಗಿಯೇ ಒಳಗಿನ ಕೆಲಸ ಕೇಳಿಕೊಂಡಿದ್ದಾರೆ ಎಂದೂ ಸೇರಿಸಿದರು. ಆಮೇಲೆ ಅವನ ಕಡೆ ತಿರುಗಿ, "ಏನು ಕುಳ್ಳಣ್ಣ, ಹೌದು ತಾನೇ?" ಎಂದು ನಕ್ಕರು.

ಎಲ್ಲರೂ ಅವನನ್ನೇ ನೋಡಿದರು, ಈಗೊಂದು ಚಟಾಕಿ ಹಾರಿಸುತ್ತಾನೆ ಎಂದು. ಚಟಾಕಿ ನಾಲಿಗೆ ತುದಿಗೆ ಬಂದೂ ಇತ್ತು. ಅವನು ಅದನ್ನು ನುಂಗಿಕೊಂಡ.

"ಇಲ್ಲ ಮೇಡಂ. ನಾನು ಕೇಳ್ಕೊಂಡಿಲ್ಲ" ಎಂದ. "ಆ ಮಣೆ ನಂದು. ಅದರ ಮೇಲೆ ನಿಂತು ಹದಿನೆಂಟು ವರ್ಷ ಕೌಂಟರ್ ನೋಡ್ಕೊಂಡಿದ್ದೀನಿ. ಒಂದೇ ಒಂದು ಪಾರ್ಸೆಲ್ ಕಳೆದಿಲ್ಲ. ನಾನು ಕುಳ್ಳ ಅಂತ ನನ್ನ ಒಳಗೆ ಹಾಕಿದ್ದಾರೆ. ನನಗೆ ಇಲ್ಲಿರೋಕೆ ಇಷ್ಟ ಇಲ್ಲ."

ಆ ಹೆಂಗಸಿಗೆ ಕರುಣೆ ಉಕ್ಕಿತು ಎಂದೇನೂ ತಿಳಿಯಬೇಡಿ. ಇವರನ್ನು ಕೌಂಟರಿನಿಂದ ಬದಲಾಯಿಸಿದ ಆದೇಶ ಎಲ್ಲಿ ಎಂದು ಸಾಹೇಬರನ್ನು ಕೇಳಿದರು. ಆದೇಶ ಇರಲಿಲ್ಲ. ಇವರೇ ಬರೆದುಕೊಟ್ಟ ಕಾಗದವಾದರೂ ಇದೆಯೇ ಎಂದರು. ಸಾಹೇಬರು ಅವನ ಮುಖ ನೋಡಿದರು. ಅವನು ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಹಾಗಾದ್ರೆ ಇವರು ಕೌಂಟರ್‌ನವರೇ. ಇವರು ನಿಂತು ಕೆಲಸ ಮಾಡೋ ಮಣೆ ಪಟ್ಟಿಯಲ್ಲಿ ಯಾಕಿಲ್ಲ?" ಎಂದು ಆಕೆ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಬರೆದು ಸಾಹೇಬರ ಮುಂದೆ ಹಿಡಿದರು. ಸಾಹೇಬರು ಸಹಿ ಹಾಕಬೇಕಾಯಿತು. ಇನ್ನು ಮೇಲಿನ ಕಚೇರಿಯ ಅಪ್ಪಣೆಯಿಲ್ಲದೆ ಆ ಮಣೆಯನ್ನು ಯಾರೂ ಅಲುಗಾಡಿಸುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಬ್ಬರು ಅದನ್ನು ಹೊತ್ತು ತಂದು ಹಳೆಯ ಜಾಗದಲ್ಲಿಟ್ಟರು. ಅವನು ಹತ್ತಿ ನಿಂತ. ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ ಅವನನ್ನು ನೋಡಿ ನಗಲಿಲ್ಲ. ಎಲ್ಲಿ ಹಾಳಾಗಿ ಹೋಗಿದ್ದೆ, ಮೊನ್ನೆ ಆ ಇನ್ನೊಬ್ಬ ಕಟ್ಟಿದ ಗಂಟು ಬಾಗಿಲು ದಾಟುವಷ್ಟರಲ್ಲಿ ಬಿಚ್ಚಿಕೊಂಡಿತು ಎಂದು ಗೊಣಗಿ ತನ್ನ ಡಬ್ಬವನ್ನು ಮುಂದೆ ತಳ್ಳಿದಳು. ಅವನು ದಾರದ ಉಂಡೆ ಎತ್ತಿಕೊಂಡ. ಡಬ್ಬವನ್ನು ಎರಡು ಸುತ್ತು ಬಿಗಿದು ಕಟ್ಟಿದ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಮೇಡಂಗೆ ಏನಂದಿರಿ, ಇನ್ನೊಂದು ಸಲ ಹೇಳಿ ಎಂದಳು. ಅವನು ಇನ್ನೊಂದು ಸಲ ಹೇಳಿದ.

"ತಮಾಷೆ ಮಾಡಲಿಲ್ವಾ?"

"ಇಲ್ಲ."

"ಸದ್ಯ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ನಿಮ್ಮ ಆ ತಮಾಷೆಗೆ ನಾನು ಒಂದಿನಾನೂ ನಕ್ಕಿಲ್ಲ. ಗೊತ್ತಾ ನಿಮಗೆ?"

ಅವನು ಅವಳ ಪಕ್ಕ ಕೂತು ಒಂದೊಂದೇ ನೆನಪು ಮಾಡಿಕೊಂಡ. ಮದುವೆಯ ದಿನ ಅವನ ಚಟಾಕಿಗೆ ಇಡೀ ಛತ್ರ ನಕ್ಕಿತ್ತು. ಅವಳು ನಕ್ಕಿರಲಿಲ್ಲ.